ಅಲ್ಟ್ರಾಸೆಂಟ್ರಿಫ್ಯೂಜ್ ಇಲ್ಲದೆ ಮಲೇರಿಯಾ ಇಲಿಯ ಲಿವರ್‌ನಲ್ಲಿ ಪಿ450 ಅಳೆದಿದ್ದು: ನನ್ನ ಅನುಭವ

ಹೋದ ತಿಂಗಳು ನಮ್ಮ ಪೇಪರ್‌ಗೆ ಕೊನೆಗೂ ಒಪ್ಪಿಗೆ ಸಿಕ್ಕಿತು. ಮಲೇರಿಯಾ ಬಂದ ಇಲಿಯ ಲಿವರ್‌ನಲ್ಲಿ, ಅದೂ ಕ್ಯಾಲ್ಸಿಯಂ ಹಾಕಿ ತಳಕ್ಕೆ ಇಳಿಸಿದ ಮೈಕ್ರೋಸೋಮ್‌ನಲ್ಲಿ (ಲಿವರ್ ಅರೆದಾಗ ಸಿಗುವ ಕೋಶದ ಸಣ್ಣ ಪೊರೆಚೂರುಗಳು), ಪಿ450 ಅನ್ನೋ ಔಷಧಿ ಅರಗಿಸುವ ಎಂಜೈಮ್ ಅಳೆಯೋಕೆ ಆಗಲ್ಲ ಅಂತ ಐದಾರು ಜನ ಹೇಳಿದ್ದರು. ಆಗುತ್ತದೆ. ನಾನು ಮಾಡಿ ತೋರಿಸಿದ್ದೇನೆ.

ನಾನಿರುವುದು ಮಂಗಳೂರಿನಲ್ಲಿ. ಮಲೇರಿಯಾ ಇಲ್ಲಿ ಹೊಸ ಮಾತಲ್ಲ, ನಮ್ಮ ಮನೆಯಲ್ಲೇ ಇಬ್ಬರಿಗೆ ಬಂದು ಹೋಗಿದೆ. ಬೆಂಗಳೂರಿನ ಐಐಎಸ್‌ಸಿಯಲ್ಲಿ ಪ್ರೊ. ಜಿ. ಪದ್ಮನಾಭನ್ ಅವರು ಲಿವರ್‌ನ ಪಿ450ಯಿಂದ ಶುರುಮಾಡಿ, ಪಿ450ಯಲ್ಲೂ ರಕ್ತದಲ್ಲೂ ಇರುವ, ಕಬ್ಬಿಣ ಹೊತ್ತ ಅಣು ಹೀಮ್‌ನ ಜಾಡು ಹಿಡಿದು ಮಲೇರಿಯಾ ಪರಾವಲಂಬಿಯವರೆಗೆ ಹೋದರು. ಎಂಎಸ್ಸಿಯಲ್ಲಿ ಅದನ್ನು ಓದಿದಾಗಲೇ ಇದರ ಹುಚ್ಚು ಹತ್ತಿತು. ಔಷಧಿಯನ್ನು ಅರಗಿಸುವ ಎಂಜೈಮೇ ಜ್ವರದಲ್ಲಿ ಕುಸಿದರೆ ಮಾತ್ರೆಯ ಗತಿ ಏನು? ಹತ್ತು ಹನ್ನೆರಡು ವರ್ಷ ಇದರಲ್ಲೇ ಕಳೆದಿದ್ದೇನೆ.

ಮೊದಲ ತೊಂದರೆ ದುಡ್ಡು. ಮೈಕ್ರೋಸೋಮ್ ಇಳಿಸೋಕೆ ಸಾಮಾನ್ಯವಾಗಿ ಬಳಸುವ ಅತಿವೇಗದ ತಿರುಗುಯಂತ್ರ, ಅಲ್ಟ್ರಾಸೆಂಟ್ರಿಫ್ಯೂಜ್, ನಮ್ಮಲ್ಲಿ ಇಲ್ಲ. ಲಿವರ್ ತುಂಡುಗಳನ್ನು ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಐಸ್ ತುಂಬಿ, ರಾತ್ರಿ ಬಸ್ಸಿನಲ್ಲಿ ಬೇರೆ ಊರಿಗೆ ಒಯ್ಯುತ್ತಿದ್ದೆ. ಒಂದು ಸಲ ತಿರುಗಿಸೋಕೆ ಸಾವಿರದ ಐನೂರೋ ಏನೋ ಕೊಡುತ್ತಿದ್ದೆ, ಬಸ್ ಚಾರ್ಜು ಬೇರೆ. ಕಾರ್ಬನ್ ಮೊನಾಕ್ಸೈಡ್ ಹಿಡಿದ ಪಿ450 ಸರಿಯಾಗಿದ್ದರೆ 450 ನ್ಯಾನೋಮೀಟರ್ ಬೆಳಕನ್ನು ಹೀರಿ ಅಲ್ಲಿ ಪೀಕ್ ಕೊಡಬೇಕು. ಅಷ್ಟೆಲ್ಲ ಮಾಡಿ ನೋಡಿದರೆ ಪೀಕ್ 450ರಲ್ಲಿ ಇಲ್ಲ, 420ರಲ್ಲಿ. ದಾರಿಯಲ್ಲೇ ಎಂಜೈಮ್ ಕೆಟ್ಟಿರುತ್ತಿತ್ತು. ಒಂದು ವರ್ಷದಲ್ಲಿ ಸುಮಾರು 60 ಸಾವಿರ ಹೋಯಿತು, ಕೈಗೆ ಬಂದದ್ದು ಎರಡು ಒಳ್ಳೆಯ ಸ್ಪೆಕ್ಟ್ರಮ್.

ಆಮೇಲೆ ಹಳೆಯ ಕ್ಯಾಲ್ಸಿಯಂ ವಿಧಾನಕ್ಕೆ ಬಂದೆ. ಅರೆದ ಲಿವರ್ ಅನ್ನು 12,000 ಜಿಯಲ್ಲಿ (ಅಂದರೆ ಗುರುತ್ವದ 12,000 ಪಟ್ಟು ಬಲದಲ್ಲಿ) ತಿರುಗಿಸಿ, ಮೇಲಿನ ದ್ರವಕ್ಕೆ 8 ಮಿಲಿಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್ ಹಾಕಿ, 27,000 ಜಿಯಲ್ಲಿ 15 ನಿಮಿಷ. ನಮ್ಮ ಹಳೇ ಕೂಲಿಂಗ್ ಸೆಂಟ್ರಿಫ್ಯೂಜೇ ಸಾಕು. ಮೊದಲ ದಿನ ಟ್ಯೂಬ್ ಎತ್ತಿ ನೋಡಿದರೆ ತಳದಲ್ಲಿ ಸುಣ್ಣದಂಥ ಬಿಳಿ ಗಟ್ಟಿ. ಮೂರು ವಾರ ಅದೇ ಕತೆ. ನಾನು ಲಿವರ್ ಅರೆದದ್ದು ಫಾಸ್ಫೇಟ್ ಬಫರ್‌ನಲ್ಲಿ, ಕ್ಯಾಲ್ಸಿಯಂ ಹೋಗಿ ಫಾಸ್ಫೇಟ್‌ನ ಜೊತೆ ಸೇರಿಕೊಳ್ಳುತ್ತಿತ್ತು, ಅಷ್ಟೇ. ಫಾಸ್ಫೇಟ್ ಇಲ್ಲದ ಸುಕ್ರೋಸ್-ಟ್ರಿಸ್ ಬಫರ್‌ಗೆ ಬದಲಾಯಿಸಿದೆ. ಸ್ಟಾಕ್‌ನಲ್ಲಿದ್ದ ಇಡಿಟಿಎಯನ್ನೂ ತೆಗೆದೆ, ಅದೂ ಕ್ಯಾಲ್ಸಿಯಂ ನುಂಗುತ್ತದೆ. ಆಗ ಸಿಕ್ಕಿತು ನೋಡಿ, ತಿಳಿ ಕಂದು ಬಣ್ಣದ, ಗಂಜಿಯ ಕೆನೆ ಹಾಗೆ ಮೆತ್ತಗಿನ ಪೆಲೆಟ್, ಅಂದರೆ ತಳಕ್ಕೆ ಕೂತ ಮೈಕ್ರೋಸೋಮ್. ಅದನ್ನು ಕೆಸಿಎಲ್ (ಪೊಟ್ಯಾಸಿಯಂ ಕ್ಲೋರೈಡ್) ದ್ರಾವಣದಲ್ಲಿ ತೊಳೆಯದೆ ಮುಂದೆ ಹೋಗಬೇಡಿ.

ಇದೆಲ್ಲ ಆರೋಗ್ಯವಂತ ಇಲಿಯಲ್ಲಿ. ಇಲಿಗಳಿಗೆ ಮಲೇರಿಯಾ ತರುವ ಬರ್ಗೈ ಪರಾವಲಂಬಿ ಹಾಕಿದ ಇಲಿಯಲ್ಲಿ ಐದಾರನೇ ದಿನಕ್ಕೆ ಲಿವರ್ ಕಪ್ಪಿಡುತ್ತದೆ. ಅದು ಹೀಮೋಜೋಯಿನ್, ಪರಾವಲಂಬಿ ಹಿಮೋಗ್ಲೋಬಿನ್ ತಿಂದು ಉಳಿಸುವ ಕಪ್ಪು ಕಣ. ಜೊತೆಗೆ ಒಡೆದ ರಕ್ತಕಣದ ಹಿಮೋಗ್ಲೋಬಿನ್, ಅದೂ 420ರ ಕಡೆ ಪೀಕ್ ಕೊಟ್ಟು ನಮ್ಮನ್ನು ಮೋಸ ಮಾಡುತ್ತದೆ. ಇಲ್ಲೇ ಎಲ್ಲರೂ ಕೈಬಿಡುವುದು. ನಾನು ಲಿವರ್‌ಗೆ ರಕ್ತ ತರುವ ಪೋರ್ಟಲ್ ವೇನ್‌ನಿಂದ ತಣ್ಣನೆಯ ಸಲೈನ್ ಬಿಟ್ಟು ಲಿವರ್ ತೊಳೆದೆ. ಕಪ್ಪು ಹೋಗಲ್ಲ, ಕೆಂಪು ಹೋಗುತ್ತದೆ. ಕಪ್ಪು ಕಣ ಭಾರ, ಹಾಗಾಗಿ ಕ್ಯಾಲ್ಸಿಯಂಗೆ ಮೊದಲು ಇನ್ನೊಂದು ಸಲ ತಿರುಗಿಸಿದರೆ ತಳಕ್ಕೆ ಕೂರುತ್ತದೆ. ಎಷ್ಟು ವೇಗ, ಎಷ್ಟು ಹೊತ್ತು ಅನ್ನೋದನ್ನು ಮಾತ್ರ ಇಲ್ಲಿ ಬರೆಯಲ್ಲ, ಅದಕ್ಕೆ ನಾನು ಎಂಟು ತಿಂಗಳು ಕೊಟ್ಟಿದ್ದೇನೆ.

ಆಮೇಲೆ ಕ್ಯೂವೆಟ್, ಸ್ಪೆಕ್ಟ್ರಮ್ ತೆಗೆಯೋಕೆ ಮಾದರಿ ಹಾಕುವ ಪುಟ್ಟ ಪಾರದರ್ಶಕ ಪಾತ್ರೆ. ಎರಡನ್ನು ಇಟ್ಟು ಅವುಗಳ ನಡುವಿನ ವ್ಯತ್ಯಾಸ ಅಳೆಯಬೇಕು. ಮೊದಲು ಎರಡಕ್ಕೂ, ಪಿ450 ಗ್ಯಾಸ್ ಹಿಡಿಯುವಂತೆ ಮಾಡುವ ಡೈಥಯೋನೈಟ್ ಹಾಕಿ ಒಂದಕ್ಕೆ ಮಾತ್ರ ಕಾರ್ಬನ್ ಮೊನಾಕ್ಸೈಡ್ ಬಿಡುತ್ತಿದ್ದೆ. ಆ ಕ್ರಮವನ್ನು ಅದಲುಬದಲು ಮಾಡಿದೆ. ಎರಡಕ್ಕೂ ಗ್ಯಾಸ್, ಒಂದಕ್ಕೆ ಮಾತ್ರ ಡೈಥಯೋನೈಟ್. ಉಳಿದ ಹಿಮೋಗ್ಲೋಬಿನ್ ಬಹುಪಾಲು ಎರಡೂ ಕಡೆ ಒಂದೇ ಥರ ಇರುವುದರಿಂದ ಲೆಕ್ಕದಿಂದ ಬಿಟ್ಟುಹೋಗುತ್ತದೆ. ಆ ದಿನ ಸಂಜೆ ಏಳಕ್ಕೆ 450ರಲ್ಲಿ ಚೂಪಾದ ಪೀಕ್ ಬಂತು. ಲ್ಯಾಬ್ ಅಟೆಂಡರ್ ಅಣ್ಣನನ್ನು ಕರೆದು ತೋರಿಸಿದೆ, ಇನ್ಯಾರೂ ಇರಲಿಲ್ಲ.

ನಡುವೆ ಸುಮ್ನೆ ಎರಡು ಪ್ರಯೋಗ ಮಾಡಿದೆ. 'ಲಿವರ್‌ನ ರಕ್ತಪರೀಕ್ಷೆ ಎಸ್‌ಜಿಒಟಿ, ಎಸ್‌ಜಿಪಿಟಿ ನೋಡಿದರೆ ಸಾಲದೇ?' ಅಂತ ಕೇಳುವವರಿಗಾಗಿ ಒಂದು. ಎಸ್‌ಜಿಒಟಿ ರಕ್ತಕಣದಲ್ಲೂ ಇದೆ, ಕಣ ಒಡೆದರೆ ಲಿವರ್ ಚೆನ್ನಾಗಿದ್ದರೂ ಏರುತ್ತದೆ. ಎಸ್‌ಜಿಪಿಟಿ ಅಷ್ಟು ಮೋಸ ಮಾಡಲ್ಲ, ಆದರೆ ಪಿ450 ಬಗ್ಗೆ ಎರಡೂ ಏನೂ ಹೇಳಲ್ಲ. ಇನ್ನೊಂದು, ಅರಿಶಿನದ ಕರ್ಕ್ಯುಮಿನ್ ಬಾಯಿಯಿಂದ ಕೊಟ್ಟು ನೋಡಿದ್ದು. ನನ್ನ ಕೈಯಲ್ಲಿ ಏನೂ ವ್ಯತ್ಯಾಸ ಬರಲಿಲ್ಲ. ಕರುಳಿನಿಂದ ರಕ್ತಕ್ಕೆ ಸೇರುವುದೇ ತೀರಾ ಕಡಿಮೆ ಅಲ್ವಾ.

ಕೊನೆಯ ಅನುಮಾನ ಒಬ್ಬ ಪರಿಶೀಲಕರದ್ದು. ಕಾಯಿಲೆ ಇಲಿ ತಿನ್ನಲ್ಲ, ಹಸಿವಿನಿಂದಲೇ ಎಂಜೈಮ್ ಬದಲಾಗಿರಬಹುದು ಅಂದರು. ನ್ಯಾಯವಾದ ಪ್ರಶ್ನೆ. ಕಾಯಿಲೆ ಇಲಿ ಎಷ್ಟು ಗ್ರಾಂ ತಿಂದಿತೋ ಅಷ್ಟನ್ನೇ ತೂಕ ಮಾಡಿ ಮರುದಿನ ಆರೋಗ್ಯವಂತ ಇಲಿಗೆ ಹಾಕಿದೆ, ಹತ್ತು ದಿನ, ಭಾನುವಾರವೂ ಬಿಡದೆ. ಎಥಿಕ್ಸ್ ಕಮಿಟಿಯಿಂದ ಮತ್ತೆ ಅನುಮತಿ ತರೋಕೇ ಎರಡು ತಿಂಗಳು ಹಿಡಿಯಿತು. ಅರೆಹೊಟ್ಟೆಯ ಇಲಿಯಲ್ಲಿ ಪ್ರತಿ ಮಿಲಿಗ್ರಾಂ ಪ್ರೋಟೀನ್‌ಗೆ ಸುಮಾರು 0.7 ನ್ಯಾನೋಮೋಲ್ ಪಿ450, ಮಲೇರಿಯಾ ಇಲಿಯಲ್ಲಿ 0.35ರ ಆಸುಪಾಸು. ಅಂದರೆ ಹಸಿವೊಂದೇ ಕಾರಣ ಅಲ್ಲ. ಈಗ ಅದೇ ಪೆಲೆಟ್‌ಗಳಲ್ಲಿ ಹೀಮ್ ಒಡೆಯುವ ಎಂಜೈಮ್, ಹೀಮ್ ಆಕ್ಸಿಜಿನೇಸ್, ನೋಡುತ್ತಿದ್ದೇನೆ, ಫ್ರೀಜರ್‌ನಲ್ಲಿ ಇನ್ನೂ ನಲವತ್ತು ಟ್ಯೂಬ್ ಇವೆ.