ಮರಡಿ ಹೊಲ ಕಾಡಾದದ್ದು

ಬೀದರ ಜಿಲ್ಲೆಯ ಹುಮನಾಬಾದ ಕಡೆ ನಮ್ಮದು ಮೂರೂವರೆ ಎಕರೆ ಮರಡಿ ಹೊಲ. ಕೆಳಗಿನ ಎರಿ, ಅಂದರೆ ಕಪ್ಪು ಮಣ್ಣಿನ, ಹೊಲದಲ್ಲಿ ತೊಗರಿ, ಕಡಲೆ ಚೆನ್ನಾಗಿ ಬರುತ್ತವೆ. ಮೇಲಿನ ಈ ತುಂಡಿನಲ್ಲಿ ಒಂದು ಗೇಣು ಕೆಂಪು ಮಣ್ಣು, ಅದರಡಿ ಬರೀ ಜಂಬಿಟ್ಟಿಗೆ ಕಲ್ಲು. ಹೆಸರು ಬಿತ್ತಿದರೆ ಬೀಜದ ದುಡ್ಡೂ ಹುಟ್ಟುತ್ತಿರಲಿಲ್ಲ. ಅದಕ್ಕೇ ಉಳುಮೆ ನಿಲ್ಲಿಸಿ ಕಾಡಿಗೆ ಬಿಟ್ಟೆವು. ಈಗ ಅಲ್ಲಿ ಬೇವು, ಮುತ್ತಲ, ಸೀತಾಫಲ, ಹೊಂಗೆ, ಬಾರಿ (ಬೋರೆ), ಒಂದಿಷ್ಟು ಸಾಗವಾನಿ ನಿಂತಿವೆ. ನೋಡಲು ಬಂದವರು ಕೇಳುವ ಮೊದಲ ಪ್ರಶ್ನೆ, "ಎಷ್ಟು ಸಸಿ ಹಚ್ಚಿದ್ರಿ?" ಇದರಲ್ಲಿ ಮುಕ್ಕಾಲು ಪಾಲು ನಾವು ಹಚ್ಚಿದ್ದೇ ಅಲ್ಲ. ಬೇರು ನೆಲದಲ್ಲೇ ಇತ್ತು, ನಾವು ಕಾಯ್ದೆವು ಅಷ್ಟೆ.

ಇದಕ್ಕೆ ಕಾರಣ ಆ ಕಲ್ಲಿನಲ್ಲೇ ಇದೆ. ಜಂಬಿಟ್ಟಿಗೆ ತುಂಬ ತೂತಿನ ಕಲ್ಲು, ಮಳೆ ನೀರನ್ನು ಹಿಡಿಯದೆ ಕೆಳಗೆ ಇಳಿಸುತ್ತದೆ. ಬಹಮನಿ ಕಾಲದವರು ಬೀದರಿನಲ್ಲಿ ಕರೇಜ್ ಸುರಂಗ ಕೊರೆದು ನೀರು ತಂದದ್ದು ಹೀಗೆ ಇಳಿದ ನೀರನ್ನೇ ನಂಬಿ. ಆದರೆ ಮೇಲಿನ ಗೇಣು ಮಣ್ಣು ದೀಪಾವಳಿ ದಾಟುವಷ್ಟರಲ್ಲಿ ಒಣಗುತ್ತದೆ. ಜೂನಿನಲ್ಲಿ ಹಚ್ಚಿದ ಸಸಿಯ ಬೇರು ಅಷ್ಟರೊಳಗೆ ಕಲ್ಲಿನ ಸೀಳು ಹುಡುಕಿಕೊಳ್ಳದಿದ್ದರೆ ಟ್ಯಾಂಕರ್ ನೀರೇ ಗತಿ. ಹಳೇ ಬೊಡ್ಡೆಗೆ, ಅಂದರೆ ನೆಲದಲ್ಲಿ ಉಳಿದ ಮರದ ಬುಡಕ್ಕೆ, ಆ ಚಿಂತೆಯಿಲ್ಲ. ಅದರ ಬೇರು ಯಾವತ್ತೋ ಕೆಳಗೆ ಇಳಿದಿದೆ.

ಹಾಗಾಗಿ ಗುಂಡಿ ತೋಡುವ ಮೊದಲು ಇದ್ದದ್ದನ್ನು ಹುಡುಕಬೇಕು. ಬೇಸಗೆಯಲ್ಲಿ ಹುಲ್ಲು ಒಣಗಿ ನೆಲ ಕಾಣುವಾಗ ಸುಣ್ಣದ ಡಬ್ಬಿ ಹಿಡಿದು ಹೊಲ ಸುತ್ತಿ, ಕಂಡ ಬೊಡ್ಡೆಗೆಲ್ಲ ಗುರುತು ಹಾಕುತ್ತೇನೆ. ಬೇವಿನ ಬೊಡ್ಡೆ ಮೊಣಕಾಲೆತ್ತರದ ಪೊದೆಯಾಗಿರುತ್ತದೆ. ವರ್ಷವರ್ಷವೂ ಆಡು ಕಚ್ಚಿ, ಒಂದೊಂದರಲ್ಲಿ ಎಂಟು ಹತ್ತು ಚಿಗುರು. ಅದರಲ್ಲಿ ಯಾವುದನ್ನು ಉಳಿಸಬೇಕು ಎನ್ನುವುದರ ಮೇಲೆ ಮುಂದಿನದೆಲ್ಲ ನಿಂತಿದೆ. ಬೊಡ್ಡೆಯ ನೆತ್ತಿಯ ಮೇಲೆ ಎದ್ದ ಚಿಗುರು ಎಷ್ಟೇ ದಪ್ಪಗಿರಲಿ, ಬೇಡ. ಕೆಳಗಿನ ಬೊಡ್ಡೆ ಕೊಳೆಯುತ್ತ ಹೋದಂತೆ ಅದು ಗಾಳಿಗೆ ಕಿತ್ತು ಬೀಳುತ್ತದೆ. ಮಣ್ಣಿಗೆ ತಾಗಿ, ಬುಡದ ಬದಿಯಿಂದ ಎದ್ದದ್ದನ್ನು ಇಟ್ಟುಕೊಳ್ಳಬೇಕು. ಅದು ಕ್ರಮೇಣ ತನ್ನದೇ ಬೇರು ಗಟ್ಟಿ ಮಾಡಿಕೊಳ್ಳುತ್ತದೆ. ಮೊದಲ ವರ್ಷ ಎರಡು ಚಿಗುರು ಬಿಡುತ್ತೇನೆ, ಒಂದು ಮುರಿದರೆ ಇನ್ನೊಂದಿರಲಿ ಎಂದು. ಮರುವರ್ಷ ಒಂದೇ. ಉಳಿದವನ್ನು ಹರಿತವಾದ ಕೊಯ್ತಾದಿಂದ ಓರೆಯಾಗಿ, ತೊಗಟೆ ಸಿಗಿಯದಂತೆ ಕಡಿಯಬೇಕು. ಕಾಂಡ ನೇರ ಬರಲೆಂದು ಕೆಳಗಿನ ಟೊಂಗೆ ಸವರುವಾಗಲೂ ಗಿಡದ ಎತ್ತರದ ಮೂರನೇ ಒಂದು ಭಾಗಕ್ಕಿಂತ ಮೇಲೆ ಹೋಗಬಾರದು. ಆಸೆಗೆ ಬಿದ್ದು ತುದಿಯವರೆಗೆ ಬೋಳು ಮಾಡಿದರೆ ಗಿಡ ಸೊರಗುತ್ತದೆ.

ಸೀತಾಫಲದ ಪೊದೆಯನ್ನು ಮಾತ್ರ ಅವಸರಪಟ್ಟು ಕಡಿಯಬೇಡಿ. ಅದರ ಎಲೆಯನ್ನು ಆಡು ಮುಟ್ಟುವುದಿಲ್ಲ. ಹಕ್ಕಿಗಳು ಬೇವಿನ ಹಣ್ಣು ತಿಂದು ಅದರ ಮೇಲೆ ಕೂತು ಬೀಜ ಉದುರಿಸುತ್ತವೆ. ಪೊದೆಯನ್ನು ಬಗ್ಗಿ ಬಿಡಿಸಿ ನೋಡಿದರೆ ಒಳಗೆ, ಒಣಗಿದೆಲೆಯ ನಡುವೆ, ಗೇಣುದ್ದದ ಬೇವಿನ ಸಸಿ ತಣ್ಣಗೆ ನಿಂತಿರುತ್ತದೆ. ಅಂಥ ಎಷ್ಟೋ ಗಿಡ ಈಗ ಸೀತಾಫಲವನ್ನು ಮೀರಿ ಬೆಳೆದಿವೆ. ತಂತಿಬೇಲಿ ಹಾಕಿಸಿದ್ದರೂ ಇಷ್ಟು ಕಾಯುತ್ತಿರಲಿಲ್ಲ ಎಂಬುದು ನನ್ನ ನಂಬಿಕೆ.

ಆದರೂ ಆಡಿನ ಮಾತು ಆಡಲೇಬೇಕು. ಊರಿನ ಕುರಿ, ಆಡು ಕಾಯುವವರಿಗೆ ಈ ಮರಡಿ ತಲೆಮಾರಿನಿಂದ ಮೇವಿನ ಜಾಗ. ಬೇಲಿ ಹಾಕಿ ಬಾಗಿಲು ಮುಚ್ಚುವುದು ನನಗೆ ಸರಿ ಕಾಣಲಿಲ್ಲ. ಹಿರಿಯರೊಬ್ಬರ ಹತ್ತಿರ ಹೋಗಿ, "ಕಾಕಾ, ಹುಲ್ಲು ಕೊಯ್ಕೊಂಡು ಹೋಗ್ರಿ, ರೊಕ್ಕ ಬ್ಯಾಡ. ಆಡು ಮಾತ್ರ ಒಳಗ ಬಿಡಬ್ಯಾಡ್ರಿ" ಅಂದೆ. ಅವರು, "ಹುಲ್ಲು ದನಕ್ಕಾತು ತಮ್ಮಾ. ಆಡಿಗಿ ಸೊಪ್ಪು ಬೇಕಲ್ಲ?" ಅಂದರು. ನ್ಯಾಯವಾದ ಮಾತು. ಸವರಿದ ಬೇವಿನ ಟೊಂಗೆಯೆಲ್ಲ ಅವರಿಗೇ ಎಂದು ಮಾತಾಯಿತು. ಈಗ ಹೊರಗಿನ ಹಿಂಡು ಒಳಗೆ ಬಂದರೆ ನನಗಿಂತ ಮುಂಚೆ ಅವರೇ ಹೋಗಿ ಹೊರಗೆ ಹಾಕುತ್ತಾರೆ.

ಹುಲ್ಲು ಕೊಯ್ಯುವುದರಿಂದ ಇನ್ನೊಂದು ದೊಡ್ಡ ಲಾಭ ಬೆಂಕಿಯದು. ನಮ್ಮ ಕಡೆ ಸಂಕ್ರಾಂತಿ ಕಳೆದ ಮೇಲೆ ನಿಂತ ಹುಲ್ಲು ಪೂರ್ತಿ ಒಣಗಿರುತ್ತದೆ. ಕಬ್ಬಿನ ರವದಿ (ಒಣಗರಿ) ಸುಡುವ ಕಿಡಿಯೋ ದಾರಿಹೋಕರ ಬೀಡಿಯೋ ಸಾಕು. ಕಾರ್ತಿಕದಲ್ಲೇ ಹುಲ್ಲು ಹೊರಗೆ ಹೋದರೆ ಸುಡಲು ಉಳಿಯುವುದೇ ಕಡಿಮೆ. ಮೇಲಿಂದ ಸುತ್ತಲೂ ಹತ್ತು ಅಡಿ ಅಗಲ ಕೆರೆಸಿ ನೆಲ ಬೋಳು ಮಾಡಿಸುತ್ತೇವೆ. ವರ್ಷದಲ್ಲಿ ಕೈಯಿಂದ ದುಡ್ಡು ಬಿಚ್ಚುವ ಕೆಲಸ ಇದೊಂದೇ.

ಹಚ್ಚಿದ್ದು ಎಂದರೆ ಶ್ರೀಗಂಧ, ಸಾಗವಾನಿ. ಗಂಧ ಅರ್ಧ ಪರಾವಲಂಬಿ. ಅದರ ಬೇರು ಪಕ್ಕದ ಗಿಡದ ಬೇರಿಗೆ ಕಚ್ಚಿಕೊಂಡು ಆಹಾರ ಎಳೆಯುತ್ತದೆ. ನಮ್ಮ ಭಾಗದವರಿಗೆ ಇದು ಸುಲಭ, ಅದಕ್ಕೆ ಎಳವೆಯಲ್ಲಿ ಒಪ್ಪುವ ಒಳ್ಳೆಯ ಜೊತೆಗಿಡ ತೊಗರಿಯೇ. ಮುಂದಕ್ಕೆ ಹೊಂಗೆ, ಬೇವು ಆಸರೆಯಾಗುತ್ತವೆ. ನೀರು ನಿಲ್ಲುವ ಎರಿ ನೆಲ ಅದಕ್ಕೆ ಆಗದು, ಬಸಿಯುವ ಕೆಂಪು ನೆಲ ಬೇಕು. 2001ರ ಕಾಯ್ದೆ ತಿದ್ದುಪಡಿ ಬಂದ ಮೇಲೆ ಹೊಲದ ಗಂಧ ಹೊಲದವನದೇ. ಅದಕ್ಕೂ ಮುಂಚೆ ಸರಕಾರದ್ದಾಗಿತ್ತು. ಆದರೆ ಒಳಗೆ ಚೇಗು, ಅಂದರೆ ಪರಿಮಳದ ಗಟ್ಟಿ ತಿರುಳು, ಕಟ್ಟಿದ ಮೇಲೆ ಕಳ್ಳರ ಕಾಟ ಖಂಡಿತ. ರಾತ್ರಿ ಕಾವಲು ಇಡಲಾಗದವರು ಎಕರೆಗಟ್ಟಲೆ ಗಂಧ ಹಾಕಬಾರದು. ನಾವು ಮನೆಯಿಂದ ಕಾಣುವ ಬದುವಿನ ಮೇಲಷ್ಟೇ ಹಾಕಿದ್ದೇವೆ.

ಕಾಗದದ ಕೆಲಸ ಎರಡೇ ಮಾತು. ಗಂಧ, ಸಾಗವಾನಿ ಪಹಣಿಯಲ್ಲಿ ನಮೂದಾಗಲಿ. ಕಡಿಯುವ ಮೊದಲು 1976ರ ಮರ ಸಂರಕ್ಷಣಾ ಕಾಯ್ದೆಯಂತೆ ಅನುಮತಿ ಪಡೆಯಿರಿ. ನೀಲಗಿರಿ, ಸರ್ವೆ, ಸುಬಾಬುಲ್‌ನಂಥ ಕೆಲವಕ್ಕೆ ಮಾತ್ರ ವಿನಾಯಿತಿ ಇದೆ. ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಅವರ ನರ್ಸರಿಯಿಂದ ತಂದ ಸಸಿ ಬದುಕಿದರೆ ಮೂರು ವರ್ಷ ಪ್ರೋತ್ಸಾಹಧನ ಸಿಗುತ್ತದೆ. ತಾನೇ ಎದ್ದ ಗಿಡಕ್ಕೆ ಆ ಹಣವಿಲ್ಲ, ಹಾಗೆಯೇ ಗುಂಡಿ, ನೀರಿನ ಖರ್ಚೂ ಇಲ್ಲ.

ಆದಾಯವೆಂದರೆ ಸೀತಾಫಲ ಸಂತೆಗೆ ಹೋಗುತ್ತದೆ, ಮುತ್ತಲದೆಲೆಯನ್ನು ಪತ್ರಾವಳಿ ಹಚ್ಚುವ ಹೆಣ್ಣುಮಕ್ಕಳು ಒಯ್ಯುತ್ತಾರೆ. ಆದರೆ ನಮಗೆ ನಿಜವಾಗಿ ಉಳಿತಾಯ ಮಾಡುವುದು ಬೇವಿನ ಬೀಜ. ಜೂನ್, ಜುಲೈನಲ್ಲಿ ಉದುರಿದ ಹಣ್ಣನ್ನು ಬೂಸು ಹಿಡಿಯುವ ಮೊದಲೇ ಆಯ್ದು, ತೊಳೆದು, ನೆರಳಲ್ಲಿ ಒಣಗಿಸುತ್ತೇವೆ. ತೊಗರಿ ಹೂವಾಡುವಾಗ ಐದು ಕಿಲೋ ಬೀಜದ ತಿರುಳು ಕುಟ್ಟಿ, ರಾತ್ರಿ ನೆನೆಸಿ, ಬೆಳಿಗ್ಗೆ ಸೋಸಿ, ನೂರು ಲೀಟರ್ ನೀರಿಗೆ ಸ್ವಲ್ಪ ಸಾಬೂನಿನೊಂದಿಗೆ ಬೆರೆಸಿದರೆ ಕಾಯಿಕೊರಕಕ್ಕೆ ಮೊದಲ ಸಿಂಪರಣೆ ತಯಾರು. ಹುಳು ಮೊಟ್ಟೆ, ಮರಿ ಹಂತದಲ್ಲಿರುವಾಗಲೇ ಸಂಜೆ ಹೊಡೆಯಬೇಕು. ಬೆಳೆದ ಹುಳುವಿಗೆ ಇದು ನಾಟುವುದಿಲ್ಲ. ವರ್ಷ ದಾಟಿದ ಬೀಜಕ್ಕೆ ಕಸುವಿರುವುದಿಲ್ಲ, ಆಯಾ ವರ್ಷದ್ದನ್ನೇ ಬಳಸಿ.