ಕನ್ನಡ ಫೈಲು ಪಿಡಿಎಫ್ ಆಗುವಾಗ ಕೆಡುವುದೆಲ್ಲಿ

ಸಂಘದ ವಾರ್ಷಿಕ ವರದಿ, ಸ್ಮರಣ ಸಂಚಿಕೆ, ಶಾಲೆಯ ಪ್ರಶ್ನೆಪತ್ರಿಕೆ: ನನ್ನ ಕೈಗೆ ಬರುವ ಫೈಲುಗಳು ಹೆಚ್ಚಾಗಿ ಇಂಥವೇ. ಬರುವಾಗ ವರ್ಡ್, ಹೋಗುವಾಗ ಪಿಡಿಎಫ್. ಇದಕ್ಕೆ ಒಂದು ರೂಪಾಯಿಯೂ ಖರ್ಚಾಗಬೇಕಿಲ್ಲ. ಪಿಡಿಎಫ್ 1993ರಲ್ಲಿ ಅಡೋಬಿಯಿಂದ ಬಂತು, 2008ರಲ್ಲಿ ಐಎಸ್‌ಒ ಮಾನಕವಾಯಿತು. ಹಾಗಾಗಿ ಯಾರು ಬೇಕಾದರೂ ಪಿಡಿಎಫ್ ಮಾಡುವ ತಂತ್ರಾಂಶ ಬರೆಯಬಹುದು. ನಾನು ಬಳಸುವುದು ಲಿಬ್ರೆ ಆಫೀಸ್, ವರ್ಡ್ ಮಾಡುವ ಕೆಲಸವನ್ನೇ ಮಾಡುವ ಉಚಿತ ತಂತ್ರಾಂಶ. ವರ್ಡ್ ಇದ್ದವರಿಗೆ 'ಸೇವ್ ಆ್ಯಸ್'ನಲ್ಲೇ ಪಿಡಿಎಫ್ ಇದೆ.

ಒತ್ತುವ ಗುಂಡಿ ಒಂದೇ. ಕೆಲಸವಿರುವುದು ಅದಕ್ಕೆ ಮೊದಲು. ಅದರಲ್ಲೂ ಮುಕ್ಕಾಲು ಪಾಲು ಫಾಂಟಿನದು.

ಫೈಲು ತೆರೆದ ಕೂಡಲೇ ನೋಡುವುದು ಅದು ಯೂನಿಕೋಡೋ (ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತವಿರುವ ವ್ಯವಸ್ಥೆ), 'ನುಡಿ' ಅಥವಾ 'ಬರಹ' ಎಂಬ ಕನ್ನಡ ಬೆರಳಚ್ಚು ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟಿನದೋ ಎಂದು. ಒಂದು ಸಾಲು ಆರಿಸಿ ನೋಟ್‌ಪ್ಯಾಡಿಗೆ ಹಾಕಿದರೆ ಗೊತ್ತಾಗುತ್ತದೆ: ಕನ್ನಡವಾಗಿಯೇ ಉಳಿದರೆ ಯೂನಿಕೋಡ್, ತಲೆಯ ಮೇಲೆ ಗೆರೆ-ಚುಕ್ಕೆ ಹೊತ್ತ ರೋಮನ್ ಅಕ್ಷರಗಳಾದರೆ ಆಸ್ಕಿ. ಆಸ್ಕಿ ಫಾಂಟಿನಲ್ಲಿ ಕಂಪ್ಯೂಟರಿನ ಲೆಕ್ಕಕ್ಕೆ ಇರುವುದು ರೋಮನ್ ಅಕ್ಷರವೇ, ಕನ್ನಡ ಬರೀ ಮೇಲಿನ ವೇಷ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದು ಪಿಡಿಎಫ್ ಮಾಡಿದರೆ ವೇಷ ಕಳಚಿದ್ದೇ ಅಚ್ಚಾಗುತ್ತದೆ. ಗೂಗಲ್ ಡಾಕ್ಸ್‌ಗೆ ನುಡಿ ಫೈಲು ಏರಿಸಿದವರಿಗೆ ಕಾಣುವುದೂ ಇದೇ. ನಿಮ್ಮ ಯಂತ್ರದಲ್ಲಿ ಫಾಂಟ್ ಇದ್ದರೂ ಅಲ್ಲಿಗೆ ಅದು ಸಿಗುವುದಿಲ್ಲ.

ಬರೀ ಮುದ್ರಣಕ್ಕಾದರೆ ಆ ಫಾಂಟನ್ನೇ ಹಾಕಿಕೊಂಡು ಪಿಡಿಎಫ್ ಮಾಡಿ ಮುಗಿಸಬಹುದು. ಹುಡುಕಲು ಸಿಗಬೇಕು, ಫೋನಿನಲ್ಲಿ ಗಟ್ಟಿಯಾಗಿ ಓದಿಸಬೇಕು ಎಂದರೆ ಯೂನಿಕೋಡಿಗೆ ತರಲೇಬೇಕು. ಉಚಿತ ಪರಿವರ್ತಕಗಳು ಸಾಕಷ್ಟಿವೆ. ಆದರೆ ಅವುಗಳಿಗೆ ಫಾಂಟ್ ಕಾಣುವುದಿಲ್ಲ, ಅಕ್ಷರ ಮಾತ್ರ ಕಾಣುತ್ತದೆ. ಪಠ್ಯದ ನಡುವೆ ಇರುವ ನಿಜವಾದ ಇಂಗ್ಲಿಷ್ ಪದ, ಇಮೇಲ್ ವಿಳಾಸ ಎಲ್ಲವನ್ನೂ ಅರ್ಥವಿಲ್ಲದ ಕನ್ನಡ ಮಾಡಿಬಿಡುತ್ತವೆ. ಆದ್ದರಿಂದ ಇಡೀ ಫೈಲನ್ನು ಒಮ್ಮೆಗೇ ಹಾಕದೆ ಪ್ಯಾರಾ ಪ್ಯಾರಾ ಹಾಕುತ್ತೇನೆ, ಇಂಗ್ಲಿಷ್ ಭಾಗ ಬಿಟ್ಟು. ಕೋಷ್ಟಕವಿದ್ದರೆ ಮನೆ ಮನೆಯಾಗಿ ಹಾಕಬೇಕು. ಬೇಸರದ ಕೆಲಸವೇ, ಬೇರೆ ದಾರಿ ಕಾಣೆ.

ಬದಲಾದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಕಣ್ಣಿಟ್ಟು ನೋಡಬೇಕು. ಇನ್ನೊಂದು ಕಳ್ಳ ದೋಷ ಅನುಸ್ವಾರದ ಜಾಗದಲ್ಲಿ ಕೂತ ಸೊನ್ನೆ. 'ಸಂಘ' ಎಂಬಲ್ಲಿ ಬೆರಳಚ್ಚಿನವರು ಕನ್ನಡದ ೦ ಒತ್ತಿರುತ್ತಾರೆ. ಕಣ್ಣಿಗೆ ವ್ಯತ್ಯಾಸವೇ ಇಲ್ಲ, ಹುಡುಕಿದರೆ ಮಾತ್ರ ಪದ ಸಿಗದು. ಎಲ್ಲ ಸೊನ್ನೆಯನ್ನೂ ಒಂದೇ ಏಟಿಗೆ ಅನುಸ್ವಾರ ಮಾಡಲು ಹೋಗಬೇಡಿ. ಫೈಲಿನಲ್ಲಿ ಕನ್ನಡ ಅಂಕಿಗಳಿದ್ದರೆ ೧೦, ೨೦೦ ಎಲ್ಲವೂ ಕೆಡುತ್ತವೆ.

ಯೂನಿಕೋಡ್ ಫಾಂಟ್ ಆರಿಸುವಾಗ ನಾನು ನೋಟೊ ಸೆರಿಫ್ ಕನ್ನಡ ಹಾಕುತ್ತೇನೆ. ಉಚಿತ, ಪಿಡಿಎಫ್‌ನೊಳಗೆ ಹುದುಗಿಸಲು ಅಡ್ಡಿಯಿಲ್ಲ. ಲಿಬ್ರೆ ಆಫೀಸಿನಲ್ಲಿ ಫಾಂಟ್ ಬದಲಿಸಿದರೂ ಕನ್ನಡ ಬದಲಾಗಲಿಲ್ಲವೆಂದರೆ ಕಾರಣ ಇಷ್ಟೇ: ಅಲ್ಲಿ ರೋಮನ್ ಲಿಪಿಗೊಂದು, ಸಂಕೀರ್ಣ ಲಿಪಿಗೊಂದು ಫಾಂಟ್ ಪ್ರತ್ಯೇಕ. ಕನ್ನಡ ಎರಡನೆಯದಕ್ಕೆ ಸೇರುತ್ತದೆ. ಟೂಲ್ಸ್‌ನಲ್ಲಿ ಆಪ್ಷನ್ಸ್, ಅಲ್ಲಿ ಭಾಷೆಯ ವಿಭಾಗದಲ್ಲಿ 'ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್' ಗುರುತು ಹಾಕಿ, ಆಮೇಲೆ ಶೈಲಿಯಲ್ಲೇ ಎರಡೂ ಫಾಂಟ್ ಹೊಂದಿಸಿ. ವಿಚಿತ್ರವೆಂದರೆ ಆಸ್ಕಿ ನುಡಿ ಪಠ್ಯಕ್ಕೆ ಅನ್ವಯವಾಗುವುದು ಮೊದಲನೆಯ ಫಾಂಟ್.

ಫಾಂಟ್ ಬದಲಾದರೆ ಪುಟಸಂಖ್ಯೆಯೂ ಬದಲಾಗುತ್ತದೆ, ಸಾಮಾನ್ಯವಾಗಿ ಹೆಚ್ಚುತ್ತದೆ. ಪುಟ ಉಳಿಸಲು ಸಾಲಿನ ಅಂತರವನ್ನು ಬಿಗಿಯಾಗಿ ನಿಗದಿ ಮಾಡಿದರೆ ಒತ್ತಕ್ಷರದ ಕಾಲು ಕತ್ತರಿಸಿ ಹೋಗುತ್ತದೆ. 12 ಪಾಯಿಂಟ್ ಅಕ್ಷರಕ್ಕೆ 20 ಪಾಯಿಂಟಿಗಿಂತ ಕಡಿಮೆ ಅಂತರ ನಾನು ಇಡುವುದಿಲ್ಲ. ಪುಟದ ಅಳತೆಯನ್ನೂ ಈಗಲೇ ನೋಡಿಕೊಳ್ಳಿ. ಬಹಳ ಕಂಪ್ಯೂಟರುಗಳಲ್ಲಿ ಅಮೆರಿಕದ 'ಲೆಟರ್' ಅಳತೆ ಕೂತಿರುತ್ತದೆ, ಅಂಗಡಿಯಲ್ಲಿ ಇರುವುದು ಎ4, ಅಂದರೆ 210 × 297 ಮಿಲಿಮೀಟರ್. ಪಿಡಿಎಫ್ ಆದ ಮೇಲೆ ಅಳತೆ ಸರಿಪಡಿಸಲು ಹೋದರೆ ಅಂಚು ಹೆಚ್ಚುಕಡಿಮೆ ಆಗುವುದೇ.

ಇನ್ನು ಗುಂಡಿ. ಲಿಬ್ರೆ ಆಫೀಸಿನಲ್ಲಿ ಫೈಲ್, 'ಎಕ್ಸ್‌ಪೋರ್ಟ್ ಆ್ಯಸ್', 'ಎಕ್ಸ್‌ಪೋರ್ಟ್ ಆ್ಯಸ್ ಪಿಡಿಎಫ್'. ಚಿತ್ರಗಳಿದ್ದರೆ ಜೆಪೆಗ್ ಗುಣಮಟ್ಟ 90ರಲ್ಲೇ ಇರಲಿ, ರೆಸಲ್ಯೂಷನ್ ಮಾತ್ರ ಮುದ್ರಣಕ್ಕೆ 300, ವಾಟ್ಸ್‌ಆ್ಯಪಿಗೆ 150 ಡಿಪಿಐ (ಅಂಗುಲಕ್ಕೆ ಇಷ್ಟು ಚುಕ್ಕಿ). ಕಾಪಿಡಬೇಕಾದ ದಾಖಲೆಗೆ ಪಿಡಿಎಫ್/ಎ ಎಂಬ, ಕಾಪಿಡಲೆಂದೇ ಇರುವ ಪಿಡಿಎಫ್ ಬಗೆಯ ಗುರುತು ಹಾಕುತ್ತೇನೆ. ಎಲ್ಲ ಫಾಂಟೂ ಒಳಗೇ ಇರಲೇಬೇಕೆಂಬುದು ಅದರ ನಿಯಮ. ಅಧ್ಯಾಯದ ತಲೆಬರಹಗಳಿಗೆ 'ಹೆಡಿಂಗ್' ಶೈಲಿ ಕೊಟ್ಟಿದ್ದರೆ ಅವು ಪಕ್ಕದ ಸೂಚಿಯಾಗಿ ಬರುತ್ತವೆ. ಬರೀ ಅಕ್ಷರ ದಪ್ಪ ಮಾಡಿದ್ದರೆ ಬರುವುದಿಲ್ಲ.

ವಿಂಡೋಸ್ 10ರಿಂದ ಇರುವ 'ಮೈಕ್ರೋಸಾಫ್ಟ್ ಪ್ರಿಂಟ್ ಟು ಪಿಡಿಎಫ್' ಕೂಡ ಉಚಿತವೇ, ಆದರೆ ಅದು ಕಾಗದಕ್ಕೆ ಮುದ್ರಿಸಿದ ಹಾಗೆ: ಕೊಂಡಿಗಳೂ ಪಕ್ಕದ ಸೂಚಿಯೂ ಉಳಿಯುವುದಿಲ್ಲ. ಬೇರೇನೂ ಇಲ್ಲದಾಗ ಮಾತ್ರ. ಫೈಲು ಏರಿಸಿದರೆ ಪಿಡಿಎಫ್ ಕೊಡುವ ಜಾಲತಾಣಗಳಿಗೆ ಆಧಾರ್ ಸಂಖ್ಯೆ, ಬ್ಯಾಂಕ್ ವಿವರ, ಸದಸ್ಯರ ಫೋನ್ ನಂಬರಿರುವುದನ್ನು ನಾನು ಕೊಡುವುದಿಲ್ಲ. ಫೈಲು ಇನ್ನೊಬ್ಬರ ಕಂಪ್ಯೂಟರಿಗೆ ಹೋಗಿ ಬರುತ್ತದೆ. ಮೇಲಾಗಿ ಅಲ್ಲಿ ನಿಮ್ಮ ಕನ್ನಡ ಫಾಂಟ್ ಇರಬೇಕೆಂದೇನೂ ಇಲ್ಲ.

ಕೊನೆಯಲ್ಲಿ ಪರೀಕ್ಷೆ. ಪಿಡಿಎಫ್ ತೆರೆದು 'ಧರ್ಮ', 'ಹಕ್ಕಿ' ಮಾದರಿಯ ಪದಗಳಿರುವ ಒಂದು ಪ್ಯಾರಾ ಆರಿಸಿ ನೋಟ್‌ಪ್ಯಾಡಿಗೆ ಅಂಟಿಸಿ. 'ಧಮರ್', 'ಹಕಿ್ಕ' ಎಂದು ಬಂದರೆ ಪಿಡಿಎಫ್‌ನಲ್ಲಿ ಅಕ್ಷರಗಳು ಕಾಣುವ ಕ್ರಮದಲ್ಲಿ ಕೂತಿವೆ, ಬರೆಯುವ ಕ್ರಮದಲ್ಲಿಲ್ಲ. ಕಣ್ಣಿಗೆ ಅರ್ಕಾವತ್ತು ಮ ಆದಮೇಲೆ, ಒತ್ತಕ್ಷರ ಗುಡಿಸು ಆದಮೇಲೆ. ಮೂಲ ಪಠ್ಯವನ್ನೂ ಜೊತೆಗೆ ಇಡುವ ಅನುಕೂಲ ಪಿಡಿಎಫ್‌ನಲ್ಲಿ ಇದೆ. ಮಾಡುವ ತಂತ್ರಾಂಶ ಅದನ್ನು ಬರೆಯಬೇಕು, ತೆರೆಯುವ ತಂತ್ರಾಂಶ ಅದನ್ನು ಓದಬೇಕು. ಆದ್ದರಿಂದ ಕೆಟ್ಟದ್ದು ಕಂಡರೆ ಮೊದಲು ಬೇರೆ ರೀಡರಿನಲ್ಲಿ ತೆರೆದು ನೋಡಿ. ಅಲ್ಲೂ ಕೆಟ್ಟರೆ ಬೇರೆ ತಂತ್ರಾಂಶದಿಂದ ಪಿಡಿಎಫ್ ಮಾಡಿ. ರೀಡರಿನ 'ಪ್ರಾಪರ್ಟೀಸ್'ನಲ್ಲಿ ಫಾಂಟ್ ಪಟ್ಟಿಯನ್ನೂ ನೋಡಿ. ಪ್ರತಿ ಹೆಸರಿನ ಮುಂದೆ 'ಎಂಬೆಡೆಡ್' (ಒಳಗೆ ಹುದುಗಿದೆ) ಎಂದಿಲ್ಲದಿದ್ದರೆ ಮುದ್ರಣಾಲಯದವರು ಫೋನ್ ಮಾಡುತ್ತಾರೆ.

ಮೂಲ ಫೈಲನ್ನು ಅಳಿಸಬೇಡಿ, ಪಿಡಿಎಫ್‌ನಿಂದ ಮತ್ತೆ ಕನ್ನಡ ವರ್ಡ್ ಫೈಲು ಪಡೆಯುವುದು ಇಷ್ಟು ಸಲೀಸಲ್ಲ. ಎರಡನ್ನೂ ಒಟ್ಟಿಗೆ ಇಡಲು ಲಿಬ್ರೆ ಆಫೀಸಿನ ಅದೇ ಕಿಟಕಿಯಲ್ಲಿ 'ಹೈಬ್ರಿಡ್ ಪಿಡಿಎಫ್' ಎಂಬ ಗುರುತಿದೆ. ಎಲ್ಲರಿಗೂ ಅದು ಸಾಮಾನ್ಯ ಪಿಡಿಎಫ್, ಲಿಬ್ರೆ ಆಫೀಸಿನಲ್ಲಿ ತೆರೆದವರಿಗೆ ತಿದ್ದಬಹುದಾದ ಫೈಲು. ತಿದ್ದಬಾರದ ಕೈಗೆ ಮಾತ್ರ ಕೊಡಬೇಡಿ.