ರಾಜೀನಾಮೆ ಕೊಟ್ಟ ಮೇಲೂ ರಿಟೆನ್ಷನ್ ಬೋನಸ್ ಬಂತು: ನನ್ನ ಅನುಭವ

ರಾಜೀನಾಮೆ ಕೊಟ್ಟವನಿಗೆ ಯಾರಾದರೂ ರಿಟೆನ್ಷನ್ ಬೋನಸ್ (ಕೆಲಸ ಬಿಡದೆ ನಿಲ್ಲಲಿ ಎಂದು ಕೊಡುವ ಹಣ) ಕೊಡ್ತಾರಾ ಅಂತ ನಕ್ಕವರೇ ಹೆಚ್ಚು. ನನಗೆ ಬಂತು. ಎರಡನೇ ಕಂತು 1 ಲಕ್ಷ 80 ಸಾವಿರ ಪೂರ್ತಿ ಬಂತು, ಮೊದಲನೇ ಕಂತಿಗೂ ಕೈ ಹಾಕಲು ಬಿಡಲಿಲ್ಲ. ಕೊಡಗಿನ ರೆಸಾರ್ಟು, ಎಸ್ಟೇಟ್ ಆಫೀಸುಗಳಲ್ಲಿ ಲೆಕ್ಕ ನೋಡುವ ಗೆಳೆಯರು ಪದೇ ಪದೇ ಫೋನ್ ಮಾಡಿ ಕೇಳುತ್ತಿರುವುದರಿಂದ ಒಂದೇ ಸಲ ಬರೆದು ಮುಗಿಸುತ್ತಿದ್ದೇನೆ. ನೋಟಿಸ್ ಪೀರಿಯಡ್, ಟಿಡಿಎಸ್, ಫೈನಲ್ ಸೆಟಲ್‌ಮೆಂಟ್ ಎಂದರೇನು ಎಂದು ಲೆಕ್ಕದವರಿಗೆ ಹೇಳಬೇಕಾಗಿಲ್ಲ; ಉಳಿದವರಿಗೆ: ಮೊದಲನೆಯದು ರಾಜೀನಾಮೆ ಕೊಟ್ಟ ಮೇಲೂ ದುಡಿಯಬೇಕಾದ ಅವಧಿ, ಎರಡನೆಯದು ಕೈಗೆ ಕೊಡುವ ಮೊದಲೇ ಮುರಿದುಕೊಳ್ಳುವ ಆದಾಯ ತೆರಿಗೆ, ಮೂರನೆಯದು ಕೆಲಸ ಬಿಡುವಾಗಿನ ಕೊನೆಯ ಲೆಕ್ಕ. ಅಂಕಿಗಳು ನೆನಪಿನಿಂದ ಬರೆದವು, ಸ್ವಲ್ಪ ಆಚೀಚೆ ಇರಬಹುದು.

ಮಡಿಕೇರಿಯಿಂದ ಹೆಚ್ಚು ದೂರವಿಲ್ಲದ ಒಂದು ರೆಸಾರ್ಟಿನಲ್ಲಿ ನಾನು ಅಕೌಂಟ್ಸ್ ಮ್ಯಾನೇಜರ್ ಆಗಿದ್ದೆ. ಹೆಸರು ಬೇಡ. 2022ರಲ್ಲಿ ಮಾಲೀಕರು ಬದಲಾದರು. 2018ರ ಆಗಸ್ಟಿನಲ್ಲಿ ಗುಡ್ಡ ಜರಿದಾಗಲೂ, ಕೊರೊನಾ ಬಂದಾಗಲೂ ಅರ್ಧ ಸಂಬಳಕ್ಕೆ ನಿಂತಿದ್ದ ಹಳೆಯ ಜನ ಈಗ ಒಟ್ಟಿಗೇ ಎದ್ದು ಹೋದರೆ ಗತಿಯೇನು ಎಂದು ಹೊಸಬರಿಗೆ ಹೆದರಿಕೆ. ನಮ್ಮಲ್ಲಿ ಕೆಲವರಿಗೆ ರಿಟೆನ್ಷನ್ ಪತ್ರ ಕೊಟ್ಟರು. ನನ್ನದು ಒಟ್ಟು 3 ಲಕ್ಷದ್ದು: 2023ರ ಮಾರ್ಚ್ 31ಕ್ಕೆ 1 ಲಕ್ಷ 20 ಸಾವಿರ, 2024ರ ಮಾರ್ಚ್ 31ಕ್ಕೆ ಉಳಿದದ್ದು. ಆ ತಾರೀಖಿಗೆ ಕಂಪನಿಯ ನೌಕರರ ಪಟ್ಟಿಯಲ್ಲಿ, ಅಂದರೆ ರೋಲ್ಸ್‌ನಲ್ಲಿ ಇರಬೇಕು, ಹಣ ಏಪ್ರಿಲ್ ಸಂಬಳದ ಜೊತೆ ಬರುತ್ತದೆ, 2024ರ ಮಾರ್ಚ್ 31ಕ್ಕೆ ಮೊದಲೇ ಬಿಟ್ಟರೆ ಮೊದಲ ಕಂತು ವಾಪಸ್ ಕೊಡಬೇಕು. ಪತ್ರದಲ್ಲಿ ಇದ್ದದ್ದು ಇಷ್ಟೇ. ಇಲ್ಲದಿದ್ದದ್ದು ಇನ್ನೊಂದು ಸಾಲು, ಅದನ್ನು ಮುಂದೆ ಹೇಳುತ್ತೇನೆ.

2024ರ ಜನವರಿಯಲ್ಲಿ ಮೈಸೂರಿನಲ್ಲಿ ಕೆಲಸ ಸಿಕ್ಕಿತು. ಏಪ್ರಿಲ್ ಮಧ್ಯದ ಹೊತ್ತಿಗೆ ಸೇರಲೇಬೇಕು, ತಡ ಮಾಡಿದರೆ ಬೇರೆಯವರಿಗೆ ಕೊಡುತ್ತೇವೆ ಎಂದರು. ಇಲ್ಲಿ ನೋಟಿಸ್ ಎರಡು ತಿಂಗಳು. ದುಡ್ಡು ಅಕೌಂಟಿಗೆ ಬಿದ್ದ ಮೇಲೆ ಪತ್ರ ಕೊಟ್ಟರೆ ಜೂನ್ ಕೊನೆಯಾಗುತ್ತದೆ, ಮೈಸೂರು ಕೈತಪ್ಪುತ್ತದೆ. ಫೆಬ್ರವರಿಯಲ್ಲೇ ಕೊಟ್ಟರೆ ಮಾರ್ಚ್ 31ರಂದು ನಾನು ರೋಲ್ಸ್‌ನಲ್ಲಿ ಇರುತ್ತೇನೆ, ಆದರೆ ನೋಟಿಸಿನಲ್ಲಿ ಇರುತ್ತೇನೆ. ಎಫ್ ಅಂಡ್ ಬಿ (ಊಟ, ಬಾರ್ ನೋಡಿಕೊಳ್ಳುವ) ಮ್ಯಾನೇಜರ್, ನನ್ನ ಹಳೆಯ ದೋಸ್ತಿ, "ಹುಚ್ಚಾ ಮಾರಾಯ, ಮೊದಲು ದುಡ್ಡು ಎಣಿಸ್ಕೋ, ಆಮೇಲೆ ಕಾಗದ ಬಿಸಾಕು" ಎಂದ. ನಮ್ಮ ಮಾವನವರೂ ಅದನ್ನೇ ಅಂದರು. ನಾನು ಪತ್ರವನ್ನು ಮತ್ತೆ ಮತ್ತೆ ಓದಿದೆ. "ನೋಟಿಸ್ ಅವಧಿಯಲ್ಲಿ ಇರಕೂಡದು" ಎಂಬ ಮಾತು ಎಲ್ಲೂ ಇರಲಿಲ್ಲ.

ಎಲ್ಲವೂ ನಿಂತಿರುವುದು ಈ ಒಂದು ಸಾಲಿನ ಮೇಲೆ. ರಿಟೆನ್ಷನ್ ಬೋನಸ್ಸಿಗೆ ಆಗಿನ ಬೋನಸ್ ಕಾಯ್ದೆ ಅನ್ವಯಿಸುತ್ತಿರಲಿಲ್ಲ, ಪತ್ರವೇ ಕರಾರು. ನಮ್ಮ ಫ್ರಂಟ್ ಆಫೀಸಿನ ಹುಡುಗಿಗೆ ಪತ್ರ ಸಿಕ್ಕಿದ್ದು ನನಗಿಂತ ಆರೇಳು ತಿಂಗಳು ತಡವಾಗಿ. ಅಷ್ಟರಲ್ಲಿ ಬೆಂಗಳೂರಿನ ಎಚ್‌ಆರ್‌ನವರು ಚುರುಕಾಗಿ ಆ ಸಾಲು ಸೇರಿಸಿಬಿಟ್ಟಿದ್ದರು. ಅವಳೂ ನನ್ನ ಹಾಗೆಯೇ ಫೆಬ್ರವರಿಯಲ್ಲಿ ರಾಜೀನಾಮೆ ಕೊಟ್ಟಳು, ಒಂದು ಕಾಸೂ ಬರಲಿಲ್ಲ. ಅವಳ ಪರವಾಗಿ ನಾನೇ ಎರಡು ಮೇಲ್ ಬರೆದುಕೊಟ್ಟೆ, ಕೆಲಸಕ್ಕೆ ಬರಲಿಲ್ಲ. ಜನವರಿಯಲ್ಲಿ ಬಿಟ್ಟ ಷೆಫ್ ದುಡಿದಷ್ಟು ತಿಂಗಳಿನ ಪಾಲು ಕೊಡಿ ಎಂದು ಕೇಳಿದ. ಪತ್ರದಲ್ಲಿ ಪಾಲಿನ ಮಾತಿಲ್ಲ, ಅವನಿಗೂ ಇಲ್ಲ. ತಾರೀಖು ಮುಟ್ಟಿದವನಿಗೆ ಎಲ್ಲವೂ, ಮುಟ್ಟದವನಿಗೆ ಏನೂ ಇಲ್ಲ.

ರಾಜೀನಾಮೆ ಮೇಲ್‌ನಲ್ಲಿ ಬೋನಸ್ಸಿನ ಸುದ್ದಿಯೇ ಎತ್ತಲಿಲ್ಲ. ಕೊನೆಯ ಕೆಲಸದ ದಿನ ಏಪ್ರಿಲ್‌ನ ಇಂಥ ತಾರೀಖು, ದಯವಿಟ್ಟು ದೃಢಪಡಿಸಿ ಎಂದಷ್ಟೇ. "ಸ್ವೀಕರಿಸಲಾಗಿದೆ" ಎಂದು ತಾರೀಖಿನ ಸಮೇತ ಉತ್ತರ ಬಂತು. ಆ ಉತ್ತರ ಅಷ್ಟು ಬೇಗ ಬರುವ ಹಾಗೆ ಮೇಲನ್ನು ಯಾರಿಗೆ, ಯಾವ ಹೊತ್ತಿಗೆ ಕಳಿಸಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಎದುರು ಸಿಕ್ಕಿದರೆ ಕಾಫಿ ಕುಡಿಸಿ ಕೇಳಿ.

ಮಾರ್ಚ್ ಎರಡನೇ ವಾರ ಯಾರಿಗೋ ಲೆಕ್ಕ ಹೊಳೆಯಿತು. ಎಚ್‌ಆರ್ ಫೋನ್ ಮಾಡಿ, "ಸಾರ್, ನೀವು 20ನೇ ತಾರೀಖಿನಿಂದ ಬರೋದು ಬೇಡ, ಉಳಿದ ನೋಟಿಸಿಗೆ ದುಡ್ಡು ಕೊಟ್ಟುಬಿಡ್ತೀವಿ" ಎಂದರು. ಕೇಳಲು ಬಹಳ ಚೆಂದ. 20ಕ್ಕೆ ಬಿಟ್ಟರೆ 31ಕ್ಕೆ ನಾನು ರೋಲ್ಸ್‌ನಲ್ಲಿ ಇಲ್ಲ! ನಾನು ಜಗಳವಾಡಲಿಲ್ಲ. ನೀವು ಒಪ್ಪಿದ ತಾರೀಖಿನ ಮೇಲ್ ಇಲ್ಲಿದೆ, ಅದನ್ನು ಬದಲಿಸುವುದಾದರೆ ಕಾರಣ ಬರಹದಲ್ಲಿ ಕೊಡಿ; ಜೊತೆಗೆ ವರ್ಷಾಂತ್ಯದ ಸ್ಟಾಕ್ ಎಣಿಕೆಗೆ ಯಾರು ಸಹಿ ಹಾಕುತ್ತಾರೆ ಎಂದೂ ತಿಳಿಸಿ ಎಂದು ಬರೆದೆ. ಎರಡನೇ ಪ್ರಶ್ನೆಗೆ ಅವರಲ್ಲಿ ಉತ್ತರ ಇರಲಿಲ್ಲ. ಸ್ಟೋರಿನ ಲೆಕ್ಕ ಗೊತ್ತಿದ್ದವನು ನಾನೊಬ್ಬನೇ.

ಆ ವರ್ಷ ಮಾರ್ಚ್ 31 ಭಾನುವಾರ, ಈಸ್ಟರ್. ಗುಡ್ ಫ್ರೈಡೆಯಿಂದ ಬೆಂಗಳೂರಿನವರು ತುಂಬಿಕೊಂಡು ಒಂದು ರೂಮೂ ಖಾಲಿ ಇಲ್ಲ. ಬಾರ್ ಮುಚ್ಚಿದ ಮೇಲೆ ಆಡಿಟರ್ ಕಡೆಯ ಹುಡುಗನ ಜೊತೆ ಎಣಿಕೆಗೆ ಕುಳಿತೆ. ಮುಚ್ಚಳ ತೆರೆದ ಬಾಟಲಿಗಳಿಗೆ ಸ್ಕೇಲ್ ಹಿಡಿದು ಪೆಗ್ ಲೆಕ್ಕ, ಕೋಲ್ಡ್ ರೂಮಿನಲ್ಲಿ ಹಂದಿ ಮಾಂಸದ ಟ್ರೇ ಒಂದೊಂದೂ ತೂಕ, ಆ ಹುಡುಗನ ಬೆರಳು ಮರಗಟ್ಟಿ ಪೆನ್ನು ಹಿಡಿಯಲಾಗದೆ ಕಡೆಗೆ ನಾನೇ ಬರೆದೆ. ಪ್ರತಿ ಹಾಳೆಯ ಕೆಳಗೂ ನನ್ನ ಸಹಿ, ಹುದ್ದೆ, ತಾರೀಖು, ಸಮಯ. ರೋಲ್ಸ್‌ನಲ್ಲಿ ಇದ್ದೆ ಎನ್ನಲು ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕೇ? ಬಯೋಮೆಟ್ರಿಕ್ ರೆಕಾರ್ಡ್ ಅವರ ಕೈಯಲ್ಲಿ ಇರುತ್ತದೆ, ಆಡಿಟರ್ ಫೈಲು ಇರುವುದಿಲ್ಲ.

ಏಪ್ರಿಲ್ ಸಂಬಳದ ಜೊತೆ ಬೋನಸ್ ಬರಲಿಲ್ಲ. ಮೇ ತಿಂಗಳಲ್ಲಿ ಬಂದ ಫೈನಲ್ ಸೆಟಲ್‌ಮೆಂಟ್ ಹಾಳೆ ನೋಡಿ ಹೊಟ್ಟೆ ಉರಿಯಿತು. ಗ್ರಾಚ್ಯುಟಿ, ಅಂದರೆ ದುಡಿದ ವರ್ಷಗಳ ಲೆಕ್ಕದಲ್ಲಿ ಬಿಡುವಾಗ ಸಿಗುವ ಹಣ, 1 ಲಕ್ಷ 13 ಸಾವಿರದ ಹತ್ತಿರ (ಬೇಸಿಕ್ ಸಂಬಳ 28 ಸಾವಿರ, ಏಳು ವರ್ಷ, 15 ಭಾಗಿಸು 26, ನೀವೇ ಹಾಕಿ ನೋಡಿ), ಅರ್ಧ ತಿಂಗಳ ಸಂಬಳ, ರಜೆಯ ಹಣ; ಇವೆಲ್ಲದರಿಂದ ಮೊದಲ ಕಂತಿನ 1 ಲಕ್ಷ 20 ಸಾವಿರ ಕಳೆದು ಕೊನೆಗೆ 45 ಸಾವಿರ. ಬೋನಸ್ ಕಾಲಂ ಸೊನ್ನೆ. ಕಾರಣವಾಗಿ ತೋರಿಸಿದ್ದು ನನ್ನ ಪತ್ರದ ಎಷ್ಟೋ ತಿಂಗಳ ನಂತರ ತಿದ್ದಿದ ಎಚ್‌ಆರ್ ಪಾಲಿಸಿ.

ಇಲ್ಲಿ ಎರಡು ಕಡೆ ಅವರು ಜಾರಿದರು. ಮೊದಲ ಕಂತಿನಲ್ಲಿ ಟಿಡಿಎಸ್ ಹೋಗಿ ನನ್ನ ಕೈಗೆ ಬಂದಿದ್ದು 95 ಸಾವಿರ, ವಾಪಸ್ ಹಿಡಿದದ್ದು ಪೂರ್ತಿ 1 ಲಕ್ಷ 20 ಸಾವಿರ. ಕೈಗೇ ಬಾರದ 25 ಸಾವಿರ ನಾನ್ಯಾಕೆ ಕಟ್ಟಲಿ? ಇನ್ನೊಂದು, ಗ್ರಾಚ್ಯುಟಿಯಿಂದ ಹೀಗೆಲ್ಲ ಮುರಿದುಕೊಳ್ಳುವಂತಿಲ್ಲ. ಆಗ ಜಾರಿಯಲ್ಲಿದ್ದ 1972ರ ಗ್ರಾಚ್ಯುಟಿ ಕಾಯ್ದೆಯಲ್ಲಿ ಮುಟ್ಟುಗೋಲಿಗೆ ಹೇಳಿದ್ದ ಕಾರಣಗಳೇ ಬೇರೆ, ಬೇಗ ಕೆಲಸ ಬಿಟ್ಟ ಎಂಬುದು ಅದರಲ್ಲಿರಲಿಲ್ಲ. 30 ದಿನದೊಳಗೆ ಕೊಡಬೇಕಿತ್ತು. ಇದನ್ನು ಅವರಿಗೆ ಬರೆದ ವಾರದೊಳಗೆ ಗ್ರಾಚ್ಯುಟಿ ಪೂರ್ತಿ ಬಂತು. ಜೊತೆಗೆ ಬಂದ ನೋ ಡ್ಯೂಸ್ ಕಾಗದದಲ್ಲಿ "ಇನ್ನೇನೂ ಬಾಕಿ ಇಲ್ಲ" ಎಂದು ಅಚ್ಚಾಗಿತ್ತು. ಸಹಿಯ ಮೇಲೆ "ಬೋನಸ್ ಕುರಿತ ಆಕ್ಷೇಪಣೆಗೆ ಒಳಪಟ್ಟು" ಎಂದು ಪೆನ್ನಿನಲ್ಲಿ ಬರೆದೇ ಸಹಿ ಹಾಕಿದೆ. ಅಷ್ಟು ಬರೆಯದೆ ಕೊಟ್ಟವರ ಕಥೆ ಅಲ್ಲಿಗೇ ಮುಗಿಯುತ್ತದೆ.

ಮಡಿಕೇರಿಯ ಕಾರ್ಮಿಕ ಇಲಾಖೆ ಕಚೇರಿಗೂ ಹೋಗಿದ್ದೆ. ಚೆನ್ನಾಗಿಯೇ ಮಾತಾಡಿಸಿದರು, ಆದರೆ ಮ್ಯಾನೇಜರ್ ಹುದ್ದೆಯವನು ಆಗ ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ ಕಾರ್ಮಿಕನಾಗಿರಲಿಲ್ಲ. ಆಗಿನ ವೇತನ ಪಾವತಿ ಕಾಯ್ದೆಗೆ ಬರಲು ತಿಂಗಳಿಗೆ 24 ಸಾವಿರದ ಸಂಬಳದ ಮಿತಿ ಇತ್ತು. ಎರಡಕ್ಕೂ ನಾನು ಬರುತ್ತಿರಲಿಲ್ಲ. ಆ ಓಡಾಟ ದಂಡ ಎನ್ನುವ ಹಾಗಿಲ್ಲ, ಯಾಕೆಂದರೆ ಅಲ್ಲಿ ತಿಳಿದದ್ದನ್ನು ನಮ್ಮ ರೂಮ್ ಬಾಯ್ ಮೇಲೆ ಪ್ರಯೋಗ ಮಾಡಿದೆ. ಹುತ್ತರಿ ಹಬ್ಬಕ್ಕೆ ಮನೆಗೆ ಹೋದವನು ಮತ್ತೆ ಬಂದಿರಲಿಲ್ಲ, ಬಿಟ್ಟವನಿಗೆ ಬೋನಸ್ ಇಲ್ಲ ಎಂದಿದ್ದರು. ಆದರೆ ಅವನದು ಆಗ ಜಾರಿಯಲ್ಲಿದ್ದ 1965ರ ಬೋನಸ್ ಕಾಯ್ದೆಯ ಬೋನಸ್: ತಿಂಗಳ ಸಂಬಳ 21 ಸಾವಿರದೊಳಗಿದ್ದು, ವರ್ಷದಲ್ಲಿ 30 ದಿನ ದುಡಿದಿದ್ದರೆ ಸಾಕಿತ್ತು, ಸಂಬಳದ ಮೇಲೆ ಕನಿಷ್ಠ ಶೇ. 8.33 ಕೊಡಬೇಕಿತ್ತು. ವಂಚನೆ, ಕಳ್ಳತನ, ಹೊಡೆದಾಟದಂಥ ಕಾರಣಕ್ಕೆ ವಜಾ ಆದವನಿಗೆ ಮಾತ್ರ ಇರಲಿಲ್ಲ, ರಾಜೀನಾಮೆ ಕೊಟ್ಟವನಿಗೆ ಇತ್ತು. ಒಂದೇ ಅರ್ಜಿಗೆ ಅವನಿಗೆ 9 ಸಾವಿರದಷ್ಟು ಬಂತು. ನನಗಿಂತ ಮೊದಲು!

ನನ್ನದಕ್ಕೆ ಕೊನೆಗೆ ಕೆಲಸ ಮಾಡಿದ್ದು ವಕೀಲರ ನೋಟಿಸ್. ಫೀಸು ಆರೇಳು ಸಾವಿರ. ವಕೀಲರು ನಾಲ್ಕು ಪುಟ ಬರೆದಿದ್ದರು, ನಾನು ಒಂದೂವರೆಗೆ ಇಳಿಸಿಸಿದೆ: ಪತ್ರದ ಸಾಲು, ಒಪ್ಪಿದ ತಾರೀಖಿನ ಮೇಲ್, ಸ್ಟಾಕ್ ಹಾಳೆ, ಮತ್ತು ನನ್ನ ಒಪ್ಪಿಗೆಯಿಲ್ಲದೆ ಆಮೇಲೆ ತಿದ್ದಿದ ಪಾಲಿಸಿ ನನ್ನ ಕರಾರಿಗೆ ಅಂಟುವುದಿಲ್ಲ ಎಂಬುದು. ದಾವೆ ಹೂಡಲು ಮೂರು ವರ್ಷ ಇದೆ, ನಮಗೆ ಅವಸರವಿಲ್ಲ ಎಂದೂ ಸೇರಿಸಿದೆವು. ಆಗಸ್ಟ್ ಕೊನೆಗೆ, ಕೈಲ್ ಮುಹೂರ್ತ ಹಬ್ಬಕ್ಕೆ ಇನ್ನೇನು ಕೆಲವು ದಿನ ಇರುವಾಗ, ಟಿಡಿಎಸ್ ಕಳೆದು 1 ಲಕ್ಷ 42 ಸಾವಿರ ಚಿಲ್ಲರೆ ಬಿತ್ತು. ಎಣಿಸ್ಕೋ ಎಂದಿದ್ದ ದೋಸ್ತಿಗೆ ಮೆಸೇಜಿನ ಫೋಟೋ ಕಳಿಸದೆ ಇರಲು ಆಗಲಿಲ್ಲ.

ದುಡ್ಡು ಕೊಟ್ಟು ಜನರನ್ನು ನಿಲ್ಲಿಸಿಕೊಳ್ಳುವ ಇನ್ನೊಂದು ಪ್ರಯೋಗ ನಾಪೋಕ್ಲು ಕಡೆಯ ನಮ್ಮ ಮೂರು ಎಕರೆ ರೋಬಸ್ಟಾ ಕಾಫಿ ತೋಟದಲ್ಲಿ. ಅಲ್ಲಿ ನಾನೇ ಧಣಿ. ಹಣ್ಣು ಕೊಯ್ಲಿಗೆ ಬಂದ ಅಸ್ಸಾಂ ಕಡೆಯ ಕುಟುಂಬಗಳು ಪಕ್ಕದ ತೋಟದವರು ಕೆಜಿಗೆ ಒಂದು ರೂಪಾಯಿ ಜಾಸ್ತಿ ಎಂದ ತಕ್ಷಣ ಹೊರಟುಬಿಡುತ್ತಿದ್ದವು. ಕೆಜಿಗೆ ಐವತ್ತು ಪೈಸೆ ಹಿಡಿದಿಟ್ಟು ಕೊನೆಗೆ ಒಟ್ಟಿಗೆ ಕೊಡುವ ಏರ್ಪಾಟು ಒಂದು ವರ್ಷ ನಡೆಸಿದೆ, ಒಬ್ಬರೂ ನಿಲ್ಲಲಿಲ್ಲ. ಅದು ನಮ್ಮ ಕೂಲಿ, ಈಗಲೇ ಕೊಡಿ ಎಂದರು, ಕೊಟ್ಟೆ. ಮರುವರ್ಷ ಕೂಲಿಯನ್ನೆಲ್ಲ ಸಂತೆ ದಿನವೇ ಚುಕ್ತಾ ಮಾಡಿ, ಉದುರಿದ ಹಣ್ಣು ಹೆಕ್ಕಿ ಮುಗಿಸುವ ತನಕ ಇದ್ದವರಿಗೆ ತಲೆಗೆ 3 ಸಾವಿರ ಬೇರೆ ಎಂದೆ. ಕಾಯಿಲೆ ಕಸಾಲೆಗೆ ಊರಿಗೆ ಹೋದರೆ ಪಾಲು. ಕಾಫಿ ಹೂ ಅರಳಿಸುವ ಹೂಮಳೆ ಬೀಳುವವರೆಗೂ ಹೆಚ್ಚಿನವರು ನಿಂತರು.

ಈಗ ಕೆಲವರು ಸುಪ್ರೀಂ ಕೋರ್ಟಿನ ಮಾತು ಎತ್ತುತ್ತಾರೆ. ಹೌದು, 2025ರ ಮೇ ತಿಂಗಳಲ್ಲಿ ವಿಜಯಾ ಬ್ಯಾಂಕ್ ಪ್ರಕರಣದಲ್ಲಿ, ಮೂರು ವರ್ಷಕ್ಕೆ ಮೊದಲು ಬಿಟ್ಟರೆ 2 ಲಕ್ಷ ಕಟ್ಟಬೇಕೆಂಬ ಕರಾರು ಸರಿ ಎಂದೇ ತೀರ್ಪು ಬಂದಿದೆ. ಹಾಗಾಗಿ ವಾಪಸ್ ಕೊಡುವ ಷರತ್ತಿಗೆ ಬೆಲೆಯೇ ಇಲ್ಲ ಎಂದುಕೊಂಡು ಸಹಿ ಹಾಕಬೇಡಿ. 2025ರ ನವೆಂಬರ್ 21ರಿಂದ ವೇತನ ಸಂಹಿತೆ ಜಾರಿಗೆ ಬಂದಿದೆ, ರಾಜೀನಾಮೆ ಕೊಟ್ಟು ಹೋದವರ ವೇತನ ಎರಡು ಕೆಲಸದ ದಿನದೊಳಗೆ ಚುಕ್ತಾ ಆಗಬೇಕು ಎನ್ನುತ್ತದೆ. ಆದರೂ ರಿಟೆನ್ಷನ್ ಹಣದ ಅರ್ಹತೆ ನಿಮ್ಮ ಕೈಯಲ್ಲಿರುವ ಕಾಗದದಲ್ಲೇ ಇರುತ್ತದೆ. ಮೊನ್ನೆ ನಮ್ಮ ಅಕ್ಕನ ಮಗ ತನ್ನ ಪತ್ರ ತಂದಿದ್ದ, ನೋಟಿಸಿನ ಸಾಲು ಅದರಲ್ಲಿದೆ. ಅದರ ಪಕ್ಕದಲ್ಲಿ "ಕಂಪನಿಯೇ ಕೊಟ್ಟ ನೋಟಿಸಿಗೆ ಇದು ಅನ್ವಯಿಸದು" ಎಂದಾದರೂ ಸೇರಿಸಲು ಕೇಳು ಎಂದಿದ್ದೇನೆ. ಫಾರ್ಮ್ಯಾಟ್ ಬದಲಾಯಿಸಲು ಆಗಲ್ಲ ಎಂದರಂತೆ. ಅವನಿನ್ನೂ ಸಹಿ ಹಾಕಿಲ್ಲ.